ತಡ್ಕೊಂಡರೆ ಮೂಳೆ ಕೂಡಲ್ಲ

ನಮ್ಮ ಕಡೆ ಯಾರನ್ನಾದರೂ ಮನಸಾರೆ ಹೊಗಳಬೇಕಾದರೆ ಒಂದು ಮಾತಿದೆ. "ಗಟ್ಟಿ ಆಳು ಕಣ್ರೀ, ಕಾಲು ಮುರಿದರೂ ಒಂದು ಸಲ ಅಯ್ಯೋ ಅನ್ನಲಿಲ್ಲ." ಮೂಡಿಗೆರೆ ಸುತ್ತಮುತ್ತ ಈ ಮಾತು ಕೇಳದೆ ಬೆಳೆದವರು ಕಮ್ಮಿ. ಕತ್ತಿ ತಾಗಲಿ, ಹಲ್ಲು ನೋಯಲಿ, ಹೆರಿಗೆಯೇ ಆಗಲಿ, ಎಲ್ಲಕ್ಕೂ ಒಂದೇ ಔಷಧಿ: ತಡ್ಕೋ. ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತೆ ಅನ್ನೋ ಎಚ್ಚರಿಕೆ ಅದರ ಜೊತೆ ಪುಕ್ಕಟೆ. ಈ ಎರಡೂ ಮಾತಿನ ಮೇಲೆ ನನಗೆ ಈಗ ಸಿಟ್ಟಿದೆ. ಮೂಳೆ ಮುರಿದುಕೊಂಡವರಿಗೆ ಇವು ಮಾಡುವಷ್ಟು ತೊಂದರೆಯನ್ನು ಮುರಿತವೇ ಎಷ್ಟೋ ಸಲ ಮಾಡುವುದಿಲ್ಲ.

ನಾನು ಬಿದ್ದದ್ದು ಮೆಣಸು ಕೊಯ್ಲಿನ ಕಾಲದಲ್ಲಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರ, ಒರಗಿಸಿದ ಏಣಿ, ಬುಡದಲ್ಲಿ ಒಣಗಿದ ಎಲೆ. ಏಣಿ ಜಾರಿತು. ಬಿದ್ದ ಕತೆ ಇಷ್ಟೇ. ಪ್ರತಿ ವರ್ಷ ಒಂದಲ್ಲ ಒಂದು ತೋಟದಿಂದ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಆದರೆ ಮುರಿಯುವ ರೀತಿಗೆ ಒಂದು ಲೆಕ್ಕಾಚಾರ ಇದೆ. ಎತ್ತರದಿಂದ ಕಾಲೂರಿ ಬಿದ್ದವರ ಹಿಮ್ಮಡಿ ಮೊದಲು ಒಡೆಯುತ್ತದೆ. ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಮೊಣಕಾಲು, ಸೊಂಟ ದಾಟಿ ಬೆನ್ನಿಗೆ ಏರುತ್ತದೆ. ಅದಕ್ಕೇ ಹಿಮ್ಮಡಿ ಒಡೆದುಕೊಂಡು ಬಂದವರ ಬೆನ್ನನ್ನೂ ಡಾಕ್ಟರು ಬಿಡದೆ ನೋಡುತ್ತಾರೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದಂತೆ. ಆ ಒಬ್ಬ ನಾನಾದೆ. ಬಲ ಹಿಮ್ಮಡಿ ನುಚ್ಚುನೂರು. ಸೊಂಟದ ಮೊದಲ ಮಣಿ, ಆಸ್ಪತ್ರೆಯವರು ಎಲ್1 ಅನ್ನುವುದು, ಮುಂದಿನ ಕಡೆ ಕುಸಿದಿತ್ತು. ಬೆನ್ನುಹುರಿಗೆ ಏನೂ ಆಗಿರಲಿಲ್ಲ. ಅದಕ್ಕೆ ಅರ್ಧ ಪುಣ್ಯ ನಮ್ಮ ತೋಟದ ಹಳೇ ಆಳಿಗೆ ಸಲ್ಲಬೇಕು. ಸುತ್ತ ನಿಂತವರು "ಎತ್ತಿ ಕೂರಿಸಿ, ನೀರು ಕೊಡಿ" ಅನ್ನುತ್ತಿದ್ದಾಗ ಅವನು ಯಾರನ್ನೂ ಮುಟ್ಟಲು ಬಿಡಲಿಲ್ಲ. ಗೋಡೌನಿನ ಹಿಂದೆ ಬಿದ್ದಿದ್ದ ಹಳೇ ಬಾಗಿಲು ತರಿಸಿ, ನಾಲ್ಕು ಜನರಿಂದ ಒಟ್ಟಿಗೆ ಉರುಳಿಸಿ ಅದರ ಮೇಲೆ ಮಲಗಿಸಿದ. ಬಾಗಿಲ ಸಮೇತ ಪಿಕಪ್‌ಗೆ ಏರಿಸಿದರು. ಬೇಲೂರು ದಾಟಿ ಹಾಸನದ ತನಕ ರಸ್ತೆಯ ಪ್ರತಿ ಹಂಪಿನ ಪರಿಚಯವಾಯಿತು.

ಹೋದ ದಿನವೇ ಆಪರೇಷನ್ ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ಹಿಮ್ಮಡಿಯ ಹೊರಮಗ್ಗುಲಲ್ಲಿ ಚರ್ಮ ತೆಳು, ಅದರ ಕೆಳಗೆ ಮಾಂಸವೇ ಇಲ್ಲ ಅನ್ನಬಹುದು. ಊದಿದ ಚರ್ಮವನ್ನು ಕೊಯ್ದರೆ ಗಾಯ ಕೂಡದೆ ಕೊಳೆಯಬಹುದು, ಮೂಳೆ ಜೋಡಿಸಲು ಒಳಗೆ ಹಾಕುವ ಪ್ಲೇಟಿಗೂ ಸೋಂಕು ತಗಲಬಹುದು. ಅದಕ್ಕೆ ಒಂದೆರಡು ವಾರ ಕಾಯುತ್ತಾರೆ. ನನ್ನ ಕಾಲಿನ ಚರ್ಮ ಬಿಗಿದು ಮಿರಮಿರ ಮಿಂಚುತ್ತಿತ್ತು, ಎರಡು ಕಡೆ ನೀರುಗುಳ್ಳೆ ಎದ್ದಿತ್ತು. ದಿಂಬಿನ ಮೇಲೆ ದಿಂಬು ಪೇರಿಸಿ ಕಾಲನ್ನು ಎದೆಗಿಂತ ಎತ್ತರ ಇಟ್ಟಿದ್ದರು. ದಿನಾ ಬೆಳಗ್ಗೆ ಡಾಕ್ಟರು ಬಂದು ಪಾದವನ್ನು ಮೆಲ್ಲಗೆ ಮೇಲಕ್ಕೆ ಬಗ್ಗಿಸಿ, ತಲೆ ಓರೆ ಮಾಡಿ ಹೊರಮಗ್ಗುಲು ನೋಡುವರು. ಸುಕ್ಕು ಮೂಡಿದೆಯಾ ಅಂತ. ಸುಕ್ಕು ಕಂಡರೆ ಊತ ಇಳಿದಿದೆ, ಕತ್ತರಿಸಬಹುದು ಅಂತ ಅರ್ಥ. ಕಣ್ಣಿನ ಕೆಳಗೆ ಸುಕ್ಕು ಬಂತಲ್ಲ ಅಂತ ಕೊರಗುತ್ತಿದ್ದವನು ಕಾಲಿಗೆ ಸುಕ್ಕು ಬರಲಿ ಅಂತ ಹರಕೆ ಹೊತ್ತೆ.

ಆ ಕಾಯುವ ದಿನಗಳಲ್ಲೇ ನನಗೆ ನೋವಿನ ಬಗ್ಗೆ ಮೊದಲ ಪಾಠ ಆದದ್ದು. ಪಾಠ ಹೇಳಿದ್ದು ರಾತ್ರಿ ಪಾಳಿಯ ನರ್ಸ್. "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಹೇಳಿ" ಅಂದರು. "ಪರವಾಗಿಲ್ಲ ಸಿಸ್ಟರ್" ಅಂದೆ. "ಪರವಾಗಿಲ್ಲ ಅನ್ನೋ ನಂಬರ್ ನಮ್ಮ ಚಾರ್ಟಲ್ಲಿಲ್ಲ" ಅಂದರು. ಆಮೇಲೆ ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ಒಂದು ಸಲ ಜೋರಾಗಿ ಕೆಮ್ಮಿ ನೋಡೋಣ." ಕೆಮ್ಮಲು ಆಗಲಿಲ್ಲ. ಬೆನ್ನು ಚುಳ್ ಅಂದಿತು, ಕೆಮ್ಮು ಗಂಟಲಲ್ಲೇ ನಿಂತಿತು.

ವಿಷಯ ಇಷ್ಟೇ. ನೋವಿರುವ ಮನುಷ್ಯ ಉಸಿರನ್ನು ಆಳವಾಗಿ ಎಳೆಯದೆ ಮೇಲುಮೇಲೆ ಎಳೆಯುತ್ತಾನೆ. ಕೆಮ್ಮುವುದಿಲ್ಲ. ಕಫ ಒಳಗೇ ಕೂತು ನ್ಯುಮೋನಿಯಾಕ್ಕೆ ದಾರಿ ಆಗುತ್ತದೆ. ಕಾಲು ಅಲ್ಲಾಡಿಸುವುದಿಲ್ಲ. ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಹೊಟ್ಟೆಗೆ ದಿನಾ ಚುಚ್ಚುತ್ತಿದ್ದ ಸಣ್ಣ ಇಂಜೆಕ್ಷನ್ ಅದನ್ನು ತಡೆಯಲು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮೂಳೆ ಕಟ್ಟಲು ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? ನೋವಿನ ಮಾತ್ರೆ ಕೊಡುವುದು ಸುಖವಾಗಿ ಮಲಗಲಿ ಅಂತ ಮಾತ್ರ ಅಲ್ಲ. ಕೆಮ್ಮಲಿ, ಬೆರಳು ಆಡಿಸಲಿ, ಮಗ್ಗುಲು ಹೊರಳಲಿ ಅಂತ. ನೋವು ಎಷ್ಟಿದೆ ಅನ್ನುವುದಕ್ಕಿಂತ ಆ ನೋವಿನಿಂದ ಏನೇನು ಮಾಡಲು ಆಗುತ್ತಿಲ್ಲ ಅನ್ನುವುದನ್ನು ಡಾಕ್ಟರಿಗೆ ಹೇಳಿದರೆ ಅವರಿಗೂ ಸುಲಭ. ಗಟ್ಟಿ ಆಳಿಗೆ ಈ ಬಿರುದು ಸಿಗುವ ಹೊತ್ತಿಗೆ ಅವನ ಕಾಲಿನ ಕೀಲು ಹಿಡಿದುಕೊಂಡಿರುತ್ತದೆ.

ಇನ್ನು ಮಾತ್ರೆ. ನಮ್ಮಲ್ಲಿ ಜಾಸ್ತಿ ಜನ ನೋವು ತಾರಕಕ್ಕೆ ಹೋದ ಮೇಲೆ ನುಂಗುತ್ತಾರೆ. ಆಗ ಅದು ಕೆಲಸ ಮಾಡುವ ತನಕ ಒಂದು ಗಂಟೆ ನರಕ. ಮೊದಲ ವಾರಗಳಲ್ಲಿ ಗಡಿಯಾರ ನೋಡಿ ನುಂಗಬೇಕು, ನೋವು ನೋಡಿ ಅಲ್ಲ. ಪ್ಯಾರಾಸಿಟಮಾಲ್ ಪಾಪದ ಮಾತ್ರೆ ಅಂತ ನಗಬೇಡಿ. ಹೊತ್ತಿಗೆ ಸರಿಯಾಗಿ ಹೋದರೆ ಮಿಕ್ಕ ಗಟ್ಟಿ ಔಷಧಿಗಳ ಪ್ರಮಾಣವನ್ನು ಅದು ಕಡಿಮೆ ಮಾಡಿಸುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ, ಲಿವರ್ ತೊಂದರೆ ಇರುವವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ಕಿಡ್ನಿಯ ಭಯ ಪೂರ್ತಿ ಸುಳ್ಳಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದವನ್ನು ತಿಂಗಳುಗಟ್ಟಲೆ ತಿಂದರೆ ಕಿಡ್ನಿಗೂ ಹೊಟ್ಟೆಗೂ ಕೇಡು. ಮೂಳೆ ಕೂಡುವುದನ್ನು ಅವು ನಿಧಾನ ಮಾಡುತ್ತವೆಯೋ ಅನ್ನುವ ಚರ್ಚೆಯೂ ವೈದ್ಯರಲ್ಲಿ ಇದೆ. ಆದರೆ ಒಂದು ಗುಂಪಿನ ಮಾತ್ರೆಯ ಭಯವನ್ನು ಎಲ್ಲ ಮಾತ್ರೆಗೂ ಹಚ್ಚಿ, ಡಾಕ್ಟರು ಬರೆದ ಚೀಟಿಯನ್ನೇ ದಿಂಬಿನ ಕೆಳಗೆ ತಳ್ಳುವುದು ಯಾವ ಜಾಣತನ?

ಗಟ್ಟಿ ಔಷಧಿ ಅಂದೆ. ಮಾರ್ಫಿನ್ ಅಂದರೆ ಜನರಿಗೂ ಹೆದರಿಕೆ, ಕಾನೂನಿಗೂ ಹೆದರಿಕೆ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಕಾಟಕ್ಕೆ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿ ಸ್ವಲ್ಪ ಸಡಿಲ ಮಾಡಿದರು. 2018ರಲ್ಲಿ ಟ್ರಮಡಾಲ್ ಅನ್ನುವ ನೋವಿನ ಔಷಧಿಯೂ ಆ ಕಾಯ್ದೆಯ ಪಟ್ಟಿಗೆ ಸೇರಿತು, ಹಾಗಾಗಿ ಮೆಡಿಕಲ್ ಶಾಪಿನವರು ಚೀಟಿ ಕೇಳಿದರೆ ಜಗಳ ಆಡಬೇಡಿ. ಚಟ ಹತ್ತಬಹುದು ಅನ್ನುವುದು ನಿಜವೇ. ಅದಕ್ಕೇ ಕೆಲವು ದಿನಕ್ಕೆ ಮಾತ್ರ ಕೊಟ್ಟು, ಮೆಲ್ಲಗೆ ಇಳಿಸುತ್ತಾರೆ. ನನಗೆ ಅದರಿಂದ ಆದ ತೊಂದರೆ ಬೇರೆ. ಮಲಬದ್ಧತೆ. ಇದನ್ನು ಯಾರೂ ಬರೆಯುವುದಿಲ್ಲ, ಮರ್ಯಾದೆ ಪ್ರಶ್ನೆ ನೋಡಿ. ಬೆನ್ನುಮೂಳೆ ಕುಸಿದವನು ಮುಕ್ಕಲೂ ಆಗದೆ, ಬೆಡ್‌ಪ್ಯಾನ್ ಮೇಲೆ ಕೂರಲೂ ಆಗದೆ ಪಡುವ ಪಾಡಿನ ಮುಂದೆ ಹಿಮ್ಮಡಿ ನೋವು ಏನೂ ಅಲ್ಲ. ಟ್ರಮಡಾಲ್ ಶುರುವಾದ ದಿನವೇ ಇಸಬ್‌ಗೋಲ್ ಅಥವಾ ಡಾಕ್ಟರು ಕೊಡುವ ಸಿರಪ್ ಶುರು ಮಾಡಿಸಿಕೊಳ್ಳಿ. ಪರಂಗಿ ಹಣ್ಣು, ನೀರು ಎಲ್ಲ ಸರಿ, ಆದರೆ ಅವೇ ಸಾಲುವುದಿಲ್ಲ.

ಕೊನೆಗೂ ಸುಕ್ಕು ಬಂತು, ಆಪರೇಷನ್ ಆಯಿತು. ಮೊಣಕಾಲ ಹಿಂದೆ ಇಂಜೆಕ್ಷನ್ ಕೊಟ್ಟು ಪಾದದ ನರಗಳನ್ನು ಮಲಗಿಸಿದ್ದರು, ನರ್ವ್ ಬ್ಲಾಕ್. ಸಂಜೆ ಕಾಲು ನನ್ನದೇ ಅಲ್ಲ ಅನ್ನುವಷ್ಟು ಹಾಯಾಗಿತ್ತು. ಅದೇ ನರ್ಸ್ ಬಂದು, "ಈಗ ನೋವಿಲ್ಲ ಅಂತ ಮಾತ್ರೆ ಬಿಡಬೇಡಿ, ಬ್ಲಾಕ್ ಇಳಿಯೋದು ನಡುರಾತ್ರಿ" ಅಂದರು. ಬ್ಲಾಕ್ ಇಳಿಯುವಾಗ ನೋವು ಒಮ್ಮೆಲೇ ನುಗ್ಗುತ್ತದೆ. ಇಳಿಯುವ ಮೊದಲೇ ಮಾತ್ರೆ ಹೊಟ್ಟೆಯಲ್ಲಿರಬೇಕು. ಅವರ ಮಾತು ಕೇಳಿದ್ದರಿಂದ ಆ ರಾತ್ರಿ ಕಳೆಯಿತು.

ಪಕ್ಕದ ಹಾಸಿಗೆಯಲ್ಲಿ ಸಕಲೇಶಪುರ ಕಡೆಯ ತೋಟವೊಂದರ ಕೂಲಿ ಕೆಲಸದವನಿದ್ದ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಬಿದ್ದು ತೊಡೆಮೂಳೆ ಮುರಿದುಕೊಂಡವನು. ಅವನಿಗೆ ರಾಡ್ ಹಾಕಿದ್ದರು. ಎರಡೇ ದಿನದಲ್ಲಿ ವಾಕರ್ ಹಿಡಿಸಿ ನಿಲ್ಲಿಸಿದರು. ನೋಡಲು ಬಂದ ನಮ್ಮವರು ನನ್ನನ್ನು ತಿವಿದರು. "ನೋಡು, ತೊಡೆ ಮುರಿದವನೇ ಓಡಾಡ್ತಾ ಇದ್ದಾನೆ, ನಿಂದು ಬರೀ ಹಿಮ್ಮಡಿ." ಇಬ್ಬರ ಧೈರ್ಯದಲ್ಲಿ ವ್ಯತ್ಯಾಸ ಇರಲಿಲ್ಲ, ಇದ್ದದ್ದು ಮೂಳೆಯಲ್ಲಿ. ತೊಡೆಮೂಳೆಯ ಒಳಗಿನ ಟೊಳ್ಳಿಗೆ ಉದ್ದಕ್ಕೂ ಇಳಿಸಿದ ರಾಡ್ ಮೈ ಭಾರವನ್ನು ತಾನೂ ಹೊರುತ್ತದೆ, ಹಾಗಾಗಿ ಬೇಗ ಕಾಲೂರಿಸಬಹುದು. ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ ಎರಡನೇ ಮಹಾಯುದ್ಧದ ಹೊತ್ತಿಗೆ ಈ ರಾಡ್ ಹಾಕಲು ಶುರು ಮಾಡಿದಾಗ ಅಲ್ಲಿನ ವೈದ್ಯರೇ ಗೇಲಿ ಮಾಡಿದ್ದರು. ಯುದ್ಧ ಮುಗಿದು ಜರ್ಮನರ ಸೆರೆಯಿಂದ ತಮ್ಮ ದೇಶಕ್ಕೆ ಮರಳಿದ ಸೈನಿಕರ ತೊಡೆಯ ಎಕ್ಸ್‌ರೇಯಲ್ಲಿ ಆ ರಾಡ್ ಕಂಡು ಅವರ ದೇಶದ ವೈದ್ಯರು ಬೆರಗಾದರು. ಅದಕ್ಕೂ ಮೊದಲು ತೊಡೆ ಮುರಿದವರು ಕಾಲಿಗೆ ಭಾರ ಕಟ್ಟಿಕೊಂಡು ವಾರಗಟ್ಟಲೆ ಅಂಗಾತ ಮಲಗಬೇಕಿತ್ತು. ಹಿಮ್ಮಡಿಯ ಕತೆ ಬೇರೆ. ಅದು ಒಳಗೆ ಸ್ಪಂಜಿನ ಹಾಗಿರುವ ಮೂಳೆ. ರಕ್ತ ಚೆನ್ನಾಗಿ ಹರಿಯುವುದರಿಂದ ಕೂಡುವುದೇನೋ ಕೂಡುತ್ತದೆ, ಆದರೆ ಜೋಡಿಸಿದ ನುಚ್ಚಿನ ಮೇಲೆ ಬೇಗ ಭಾರ ಹಾಕಿದರೆ ಮತ್ತೆ ಕುಸಿಯುತ್ತದೆ. ಎರಡು ಮುರಿತಗಳನ್ನು ಹೋಲಿಸಿ ಬುದ್ಧಿ ಹೇಳುವ ಸಂಬಂಧಿಕರಿಗೆ ವಾರ್ಡಿನ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಬೇಕು.

ಹಾಗಂತ ಎಲ್ಲ ನೋವನ್ನೂ ಮಾತ್ರೆಯಿಂದ ಮುಚ್ಚಿ ಸುಮ್ನೆ ಇರಬಹುದು ಅಂತಲ್ಲ. ಕೆಲವು ನೋವಿಗೆ ಆಗಿಂದಾಗಲೇ ಆಸ್ಪತ್ರೆಗೆ ಓಡಬೇಕು. ಬ್ಯಾಂಡೇಜ್ ಅಥವಾ ಪ್ಲಾಸ್ಟರ್ ಒಳಗೆ ಕಾಲು ಗಂಟೆಗಂಟೆಗೆ ಬಿಗಿಯುತ್ತಾ ಹೋಗಿ, ಮಾತ್ರೆಗೂ ಬಗ್ಗದೆ, ಯಾರಾದರೂ ಬೆರಳನ್ನು ಮೆಲ್ಲಗೆ ಎಳೆದರೂ ಪ್ರಾಣ ಹೋಗುವಷ್ಟು ನೋಯುತ್ತಿದ್ದರೆ, ಅದು ಒಳಗೆ ಒತ್ತಡ ಏರಿ ಮಾಂಸಖಂಡಕ್ಕೆ ರಕ್ತ ಹೋಗುತ್ತಿಲ್ಲ ಅನ್ನುವ ಸೂಚನೆ. ಕೆಲವೇ ಗಂಟೆಗಳಲ್ಲಿ ಮಾಂಸ ಸಾಯುತ್ತದೆ. ನಮ್ಮ ಪಕ್ಕದೂರಿನ ಹುಡುಗನೊಬ್ಬನಿಗೆ ಮುಂಗೈ ಮುರಿದಾಗ ಮನೆಯವರು ನಾಟಿ ಪಟ್ಟು ಹಾಕಿಸಿದರು. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಸುತ್ತ ಬಿದಿರು ದಬ್ಬೆ, ಬಿಗಿಯಾಗಿ ಬಟ್ಟೆ. ರಾತ್ರಿಯಿಡೀ ಅತ್ತನಂತೆ. "ಪಟ್ಟು ಹಿಡೀತಾ ಇದೆ, ತಡ್ಕೋ" ಅಂದರಂತೆ. ಅವನ ಬೆರಳುಗಳು ಇವತ್ತಿಗೂ ಪೂರ್ತಿ ಬಿಚ್ಚುವುದಿಲ್ಲ. ಪಟ್ಟು ಕಟ್ಟುವವರಲ್ಲಿ ಕೈ ಪಳಗಿದವರು ಇರಬಹುದು. ಆದರೆ ಬೆರಳು ತಣ್ಣಗಾಗಿ ಬಣ್ಣ ತಿರುಗುತ್ತಿದ್ದರೆ ಕಟ್ಟು ಬಿಚ್ಚಲು ಯಾರ ಅಪ್ಪಣೆಯೂ ಬೇಡ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಬೆನ್ನಿಗೆ ಪೆಟ್ಟಾದವರಿಗೆ ಮೂತ್ರ ಹೋಗದಿರುವುದು, ಕಾಲು ಮರಗಟ್ಟುವುದು, ಇವೂ ಅಂಥವೇ. 108ಕ್ಕೆ ಫೋನ್ ಮಾಡಿ.

ಮನೆಗೆ ಬಂದ ಮೇಲೆ ನೋಡಲು ಬರುವವರ ಕಾಲ. ಬ್ರೆಡ್ಡು, ಮೂಸಂಬಿ, ಜೊತೆಗೆ ಸಲಹೆ. ಕಾಲು ಸೂಪು ಕುಡಿ, ಮೂಳೆ ಕೂಡುತ್ತೆ ಅಂತ ಹೇಳದವರಿಲ್ಲ. ಕುಡಿದೆ, ರುಚಿ ಚೆನ್ನಾಗಿರುತ್ತೆ. ಆದರೆ ಕುದಿಸಿದ ಮೂಳೆಯಿಂದ ಸಾರಿಗೆ ಇಳಿಯುವ ಕ್ಯಾಲ್ಸಿಯಂ ಬಹಳ ಕಮ್ಮಿ. ಚಿಕ್ಕಮ್ಮ ಬೇಲಿಯಿಂದ ಮಂಗರಬಳ್ಳಿ ಕಿತ್ತು ತಂದು, ನಾಲಿಗೆ ತುರಿಸದ ಹಾಗೆ ಹುಣಸೆಹಣ್ಣು ಹಾಕಿ ಚಟ್ನಿ ಅರೆದರು. ಅದನ್ನೂ ತಿಂದೆ. ನಾವು ಮಲೆನಾಡಿನವರು ಅಕ್ಕಿ ರೊಟ್ಟಿ, ಕಡುಬು ಅಂತ ಅಕ್ಕಿಯಲ್ಲೇ ಬದುಕುವವರು. ಹಾಸನದ ಬಯಲು ಸೀಮೆಯ ನೆಂಟರ ಮುದ್ದೆ ಕಂಡು ನಗುತ್ತೇವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ನಗು ನಿಲ್ಲಿಸಿ ರಾತ್ರಿಗೆ ಮುದ್ದೆ ಶುರು ಮಾಡಿದೆವು. ಅದಕ್ಕಿಂತ ಮುಖ್ಯ ಮೊಟ್ಟೆ, ಮೀನು, ಬೇಳೆ, ಮೊಸರು. ಜೂನ್ ಬಂದರೆ ನಮ್ಮಲ್ಲಿ ಬಿಸಿಲಿನ ಮುಖ ಕಾಣುವುದಿಲ್ಲ, ವಿಟಮಿನ್ ಡಿ ಕಡಿಮೆ ಇತ್ತು, ವಾರಕ್ಕೊಂದು 60,000 ಯೂನಿಟ್ ಪುಡಿ ಬರೆದರು. ಇನ್ನೊಂದು ಮಾತು, ಬೀಡಿ ಸಿಗರೇಟು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಮೂಳೆ ಕೂಡುವುದು ತಡ, ಹಿಮ್ಮಡಿಯಂಥ ಕಡೆ ಗಾಯ ಒಣಗುವುದೂ ತಡ. ಸೂಪು ತಂದುಕೊಟ್ಟ ಗೆಳೆಯನೇ ಜಗಲಿಯಲ್ಲಿ ಬೀಡಿ ಹಚ್ಚಿ ಒಂದು ದಮ್ ಎಳೀತೀಯಾ ಅಂದ.

ಎಲ್ಲ ಸರಿಹೋಗುತ್ತಿದೆ ಅನ್ನುವಾಗ ಹೊಸ ನೋವು ಶುರುವಾಯಿತು. ಪಾದದ ಹೊರ ಅಂಚಿನಲ್ಲಿ ಉರಿ. ಹೊದಿಕೆ ತಾಗಿದರೂ ಕರೆಂಟ್ ಹೊಡೆದ ಹಾಗೆ. ಮುಟ್ಟಿದರೆ ಒಂದು ಕಡೆ ಜೋಮು, ಒಂದಿಂಚು ಆಚೆ ಬೆಂಕಿ. ಪ್ಯಾರಾಸಿಟಮಾಲ್ ಇದರ ಹತ್ತಿರವೂ ಸುಳಿಯಲಿಲ್ಲ. ಪ್ಲೇಟ್ ಕೆಟ್ಟಿದೆ, ಸೋಂಕಾಗಿದೆ ಅಂತ ಮನೆಯಲ್ಲಿ ಗಾಬರಿ. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿಯೇ ಇತ್ತು. ಕೊಯ್ದ ಜಾಗದ ಪಕ್ಕದಲ್ಲೇ ಹಾದುಹೋಗುವ ಸೂರಲ್ ನರ ಕೆರಳಿತ್ತು. ಮೂಳೆ ಕೂಡುತ್ತಿದ್ದರೂ ನೋವು ಜಾಸ್ತಿ ಆಗಬಹುದು ಅಂತ ನನಗೆ ಅರ್ಥವಾದದ್ದು ಆಗಲೇ. ನೋವಿನ ಅಳತೆ ಬೇರೆ, ಪೆಟ್ಟಿನ ಅಳತೆ ಬೇರೆ. ಕೆಲವರಲ್ಲಿ ಇಂಥ ನೋವು ಹದ್ದು ಮೀರಿ ಕಾಲಿನ ಬಣ್ಣ, ಬಿಸಿ, ಬೆವರು, ಉಗುರು ಎಲ್ಲ ಬದಲಾಗುವ ಮಟ್ಟಕ್ಕೆ ಹೋಗುತ್ತದೆ. ಸಿಆರ್‌ಪಿಎಸ್ ಅನ್ನುತ್ತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲಿ ಈ ಉರಿಯನ್ನು ಕಂಡು ಸೈಲಾಸ್ ವಿಯರ್ ಮಿಚೆಲ್ ಅನ್ನುವ ವೈದ್ಯ 1864ರಲ್ಲೇ ದಾಖಲಿಸಿದ್ದ. ಎಷ್ಟು ಬೇಗ ಗುರುತಿಸಿದರೆ ಅಷ್ಟು ಒಳ್ಳೆಯದು. ನನ್ನದು ಅಲ್ಲಿಗೆ ಹೋಗಲಿಲ್ಲ.

ರಾತ್ರಿಗೆ ಪ್ರಿಗ್ಯಾಬಲಿನ್ ಅನ್ನುವ ನರದ ನೋವಿನ ಮಾತ್ರೆ ಕೊಟ್ಟರು. ಬೆಳಗ್ಗೆ ತಲೆ ಭಾರ, ಆದರೆ ನಿದ್ದೆ ಬಂತು. ಫಿಸಿಯೋ ಮೇಡಂ ಕೊಟ್ಟ ಕೆಲಸ ಇನ್ನೂ ವಿಚಿತ್ರ. "ಮನೆಯಲ್ಲಿರೋ ಬೇರೆ ಬೇರೆ ಬಟ್ಟೆ ತಗೊಂಡು ಆ ಜಾಗ ಸವರಬೇಕು." ಮೊದಲು ಹೆಂಡತಿಯ ರೇಷ್ಮೆ ಸೀರೆಯ ಸೆರಗು. ಆಮೇಲೆ ಹಳೇ ಹತ್ತಿ ಪಂಚೆ. ಆಮೇಲೆ ಟವೆಲ್. ಕಡೆಗೆ ಕಂಬಳಿ. ದಿನಕ್ಕೆ ಹಲವು ಸಲ, ಕೆಲವೇ ನಿಮಿಷ. ಸಾಮಾನ್ಯ ಸ್ಪರ್ಶವನ್ನೂ ಅಪಾಯ ಅಂತ ಓದುತ್ತಿರುವ ನರಕ್ಕೂ ಮಿದುಳಿಗೂ ಮತ್ತೆ ಅಭ್ಯಾಸ ಮಾಡಿಸುವುದು. ರೇಷ್ಮೆಯಲ್ಲಿ ಕಣ್ಣೀರು ಬಂದಿತ್ತು. ಕಂಬಳಿಯ ತನಕ ಬರಲು ವಾರಗಳೇ ಬೇಕಾದವು. ಕರಿ ಕಂಬಳಿಯ ಒರಟು ಅಂಚನ್ನು ಪಾದದ ಮೇಲೆ ಎಳೆದು, "ಚುಚ್ಚುತ್ತೆ, ಆದರೆ ಉರಿ ಇಲ್ಲ" ಅಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ಸ್ವಲ್ಪ ಅತಿಯಾಯಿತು, ಇರಲಿ.

ಎರಡು ತಿಂಗಳು ದಾಟಿದ ಮೇಲೆ ಕಾಲೂರಲು ಅಪ್ಪಣೆ ಸಿಕ್ಕಿತು. ಒಮ್ಮೆಲೇ ಅಲ್ಲ, 10 ಕಿಲೋ ಭಾರ, ಆಮೇಲೆ 20, ಹೀಗೆ. 10 ಕಿಲೋ ಅಂದರೆ ಎಷ್ಟು ಅಂತ ಕಾಲಿಗೆ ಹೇಗೆ ಗೊತ್ತಾಗಬೇಕು? ತೂಕದ ಯಂತ್ರದ ಮೇಲೆ ಪಾದ ಇಟ್ಟು ಒತ್ತಿ ಕಲಿಯಬೇಕು ಅಂದರು. ಗೋಡೌನಿನಲ್ಲಿ ಮೆಣಸಿನ ಚೀಲ ತೂಗುವ ದೊಡ್ಡ ಯಂತ್ರ ಇತ್ತು. ಅದರ ಪಕ್ಕ ಅಷ್ಟೇ ಎತ್ತರಕ್ಕೆ ಹಲಗೆ ಜೋಡಿಸಿ ಎಡಗಾಲು ಅಲ್ಲಿ, ಬಲಗಾಲು ಯಂತ್ರದ ಮೇಲೆ, ಕೈ ವಾಕರ್ ಮೇಲೆ, ಬೆನ್ನಿಗೆ ಬ್ರೇಸ್. ಕಾಫಿ ಸಿಪ್ಪೆಯ ವಾಸನೆಯ ನಡುವೆ ನಿಂತು ಕೆಂಪು ಅಂಕಿ ನೋಡುತ್ತಾ ಒತ್ತುತ್ತಿದ್ದೆ. ಮೊದಲ ದಿನ ಅಂಜಿ ಒತ್ತಿದ್ದು ಆರು ಕಿಲೋ. ಮೂಳೆ ಗಟ್ಟಿಯಾಗಲು ಭಾರ ಬೇಕೇ ಬೇಕು. ಹೊರೆ ಬಿದ್ದ ಕಡೆ ಮೂಳೆ ದಪ್ಪವಾಗುತ್ತದೆ, ಬೀಳದ ಕಡೆ ಸವೆಯುತ್ತದೆ. ಜರ್ಮನಿಯ ಯೂಲಿಯಸ್ ವೊಲ್ಫ್ 1892ರಲ್ಲೇ ಇದನ್ನು ಬರೆದಿಟ್ಟ. ಹಾಗಾಗಿ ಈ ಹಂತದ ನೋವಿಗೆ ಬೇರೆ ನಿಯಮ. ವ್ಯಾಯಾಮದಲ್ಲಿ ನೋವು ಬರುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಅದು ಇಳಿದು, ಬೆಳಗ್ಗೆ ಮೊದಲಿನಷ್ಟೇ ಇದ್ದರೆ ಮುಂದುವರಿಸು. ಮರುದಿನವೂ ಊತ ಇಳಿಯದಿದ್ದರೆ ಒಂದು ಹೆಜ್ಜೆ ಹಿಂದೆ ಹೋಗು. ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ನುಂಗುತ್ತಿದ್ದೆ. ನುಂಗಿ ಮಲಗುವುದಕ್ಕೂ ನುಂಗಿ ನಡೆಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಈಗ ಸಮತಟ್ಟಾದ ರಸ್ತೆಯಲ್ಲಿ ನಡೆದರೆ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಆದರೆ ನಮ್ಮೂರಲ್ಲಿ ಸಮತಟ್ಟು ಎಲ್ಲಿದೆ? ಹಿಮ್ಮಡಿ ಮೂಳೆಯ ಮೇಲಿನ ಕೀಲು ಪಾದವನ್ನು ಒಳಕ್ಕೆ ಹೊರಕ್ಕೆ ವಾಲಿಸುವ ಕೀಲು. ಕಲ್ಲು, ಬೇರು, ಇಳಿಜಾರಿಗೆ ತಕ್ಕ ಹಾಗೆ ಪಾದ ಹೊಂದಿಕೊಳ್ಳುವುದು ಅದರಿಂದ. ನನ್ನ ಆ ಕೀಲು ಅರ್ಧಕ್ಕರ್ಧ ಹಿಡಿದುಕೊಂಡಿದೆ. ತೋಟದ ಇಳಿಜಾರಲ್ಲಿ ಅಡ್ಡ ನಡೆದರೆ ಸಂಜೆಗೆ ಪಾದ ನೆನಪಿಸುತ್ತದೆ. ಮಳೆ ಬರುವ ಮೊದಲು ಪ್ಲೇಟ್ ಹಾಕಿದ ಕಾಲು ಹೇಳುತ್ತದೆ ಅನ್ನುವುದು ನಮ್ಮಲ್ಲಿ ಹಳೇ ಮಾತು. ಸಂಶೋಧನೆಗಳು ಈ ವಿಷಯದಲ್ಲಿ ಒಂದೇ ಮಾತು ಹೇಳುವುದಿಲ್ಲ. ಮಲೆನಾಡಿನ ಆಷಾಢದಲ್ಲಿ ದಿನಾ ಮಳೆ ಬರುತ್ತದೆ ಅಂತ ಹೇಳಲು ಕಾಲೇ ಬೇಕಾ, ಅಲ್ವಾ?

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವನು ಆಗಾಗ ಫೋನ್ ಮಾಡುತ್ತಿದ್ದ. ಅವನದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ, ರಾಡಿಗೆ ಅವನು ಕೈಯಿಂದ ಹಾಕಬೇಕಾಗಲಿಲ್ಲ. ಆದರೆ ಹೋದ ಕೂಲಿಗೆ ಯಾರು ಕೊಡುತ್ತಾರೆ? ಫಿಸಿಯೋಗೆ ಬಸ್ಸು ಹತ್ತಿ ಹೋದರೆ ಹೆಂಡತಿಯ ಒಂದು ದಿನದ ಕೂಲಿಯೂ ಖೋತಾ. ಎರಡು ಸಲ ಹೋಗಿ ಬಿಟ್ಟ. ನನ್ನ ನೋವಿಗೆ ಗೋಡೌನ್, ಪಾಯಸ, ರೇಷ್ಮೆ ಸೆರಗು ಎಲ್ಲ ಇದ್ದವು. ಅವನು ಮೊಣಕಾಲು ಪೂರ್ತಿ ಮಡಚದೆಯೇ ಕೆಲಸಕ್ಕೆ ಇಳಿದ. ಮಡಚದಿದ್ದರೆ ಮರ ಹತ್ತಲು ಆಗುವುದಿಲ್ಲ, ಮರ ಹತ್ತದಿದ್ದರೆ ಜಾಸ್ತಿ ಕೂಲಿ ಇಲ್ಲ.

ಫೋನಿನ ವಿಡಿಯೋದಲ್ಲಿ ಫಿಸಿಯೋ ಮೇಡಂ ಹೇಳಿಕೊಟ್ಟ ವ್ಯಾಯಾಮಗಳನ್ನು ಅವನಿಗೂ ಕಳಿಸುತ್ತಿದ್ದೇನೆ, ಅವನ ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆ. ಮಂಚದ ಅಂಚಲ್ಲಿ ಕೂತು, ಒಳ್ಳೆ ಕಾಲಿನಿಂದ ಆ ಕಾಲನ್ನು ಹಿಂದಕ್ಕೆ ತಳ್ಳುವುದು ಅದರಲ್ಲಿ ಮುಖ್ಯವಾದದ್ದು. ಕೆಲಸ ಮುಗಿಸಿ ಬಂದು ರಾತ್ರಿ ಮಾಡುತ್ತಾನೆ, ಮಾಡದ ದಿನ ಸುಳ್ಳು ಹೇಳುವುದಿಲ್ಲ. ಮಾತ್ರೆ ಮಾತ್ರ ಇನ್ನೂ ನುಂಗುವುದಿಲ್ಲ. ನುಂಗಿದರೆ ಕಿಡ್ನಿ ಹೋಗುತ್ತೆ ಅಂತ ಅವನ ಮೇಸ್ತ್ರಿ ಹೇಳಿದ್ದಾನಂತೆ. ಮುಂದಿನ ವಾರ ಆ ಮೇಸ್ತ್ರಿಗೇ ಫೋನ್ ಮಾಡಬೇಕು ಅಂತಿದ್ದೇನೆ.